ಆರುನೂರೈವತ್ತು ರೂಪಾಯಿಯ ರೇಡಿಯೊ

ನಮ್ಮ ಹೋಟೆಲಿನ ಹಳೆಯ ರೇಡಿಯೊ ಸಾಂಬಾರಿನಲ್ಲಿ ಬಿದ್ದು ಸತ್ತಿತು. ಒಲೆಯ ಮೇಲಿನ ಹಲಗೆಯಲ್ಲಿ ಹುಣಸೆಹಣ್ಣಿನ ಡಬ್ಬಕ್ಕೆ ಒರಗಿಸಿ ಇಟ್ಟಿದ್ದೆವು. ಡಬ್ಬ ಎಳೆದ ಹುಡುಗನಿಗೆ ಅದರ ನೆನಪಿರಲಿಲ್ಲ. ಸೋಮವಾರ, ಬೆಳಗಿನ ಏಳೂಕಾಲು, ಇಪ್ಪತ್ತೈದು ಲೀಟರ್ ಸಾಂಬಾರು. ಮುಳುಗುವವರೆಗೂ ಅದು ಹಾಡುತ್ತಲೇ ಇತ್ತು ಎಂದು ನಮ್ಮ ಭಟ್ಟರು ಇಂದಿಗೂ ಹೇಳುತ್ತಾರೆ. ನಾನು ಗಲ್ಲಾದಲ್ಲಿದ್ದೆ, ನೋಡಲಿಲ್ಲ. ಸಾಂಬಾರನ್ನೆಲ್ಲ ಮೋರಿಗೆ ಸುರಿಸಬೇಕಾಯಿತು. ಆ ನಷ್ಟದ ಮುಂದೆ ಹೊಸ ರೇಡಿಯೊದ ಬೆಲೆ ಏನೇನೂ ಅಲ್ಲ.

ಅದೇ ವಾರ ಮುಂಬಯಿಯ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಫಲಕದ ಮೇಲೆ ಡಾ. ದಾದಾಸಾಹೇಬ್ ಭಡ್ಕಂಕರ್ ಮಾರ್ಗ ಎಂದಿದೆ. ಆ ಹೆಸರು ಹಿಡಿದು ದಾರಿ ಕೇಳಿದರೆ ಅಲ್ಲಿಯೇ ಅಂಗಡಿ ಇಟ್ಟವನೂ ತಲೆ ಕೆರೆದುಕೊಳ್ಳುತ್ತಾನೆ. ರೇಡಿಯೊ ಬೇಕು ಎಂದಾಗ ಮೊದಲ ಮೂರು ಅಂಗಡಿಯವರು ಬ್ಲೂಟೂತ್ ಸ್ಪೀಕರ್ ತೋರಿಸಿದರು. ನಾಲ್ಕನೆಯವನು ಸ್ಟೂಲು ಹತ್ತಿ, ಧೂಳು ಕೊಡವಿ ಒಂದು ಡಬ್ಬ ಇಳಿಸಿದ. ಒಂಬೈನೂರು ಎಂದು ಶುರುಮಾಡಿ ಆರುನೂರೈವತ್ತಕ್ಕೆ ಬಂದ. ಗ್ಯಾರಂಟಿ ಎಷ್ಟು ದಿನ ಎಂದು ಕೇಳಿದ್ದಕ್ಕೆ, "ಈ ಮೆಟ್ಟಿಲು ಇಳಿಯುವವರೆಗೆ" ಎಂದ. ಪ್ರಾಮಾಣಿಕ ಮನುಷ್ಯ. ಕಂಪೆನಿಯ ಹೆಸರನ್ನು ನಾನು ಬರೆಯುವುದಿಲ್ಲ, ಬರೆದರೂ ನಿಮಗೆ ಉಪಯೋಗವಿಲ್ಲ. ಈ ತಿಂಗಳು ಡಬ್ಬದ ಮೇಲೆ ಇರುವ ಹೆಸರು ಮುಂದಿನ ತಿಂಗಳು ಇರುವುದಿಲ್ಲ. ಒಳಗಿನ ಮಾಲು ಅದೇ. ನೋಡಿ ಗುರುತಿಸಿಕೊಳ್ಳಿ: ಅರ್ಧ ಪೌಂಡ್ ಬ್ರೆಡ್ಡಿನಷ್ಟು ದೊಡ್ಡದು, ಕಪ್ಪು ಪ್ಲಾಸ್ಟಿಕ್, ಬಲಬದಿಯಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಚಕ್ರ, ಗಾಜಿನ ಹಿಂದೆ ಕೆಂಪು ಸೂಜಿ, ಎಳೆದರೆ ಉದ್ದವಾಗುವ ಆಂಟೆನಾ, ತಲೆಯ ಮೇಲೆ ಒಂದು ಟಾರ್ಚು. ಬ್ಯಾಟರಿ ಬಿಎಲ್-5ಸಿ, ಅಂದರೆ ಹಳೆಯ ನೋಕಿಯಾ ಮೊಬೈಲುಗಳಲ್ಲಿ ಇರುತ್ತಿದ್ದದ್ದೇ. ಇದೊಂದು ಕಾರಣಕ್ಕೇ ನಾನು ಅರ್ಧ ಒಪ್ಪಿದ್ದೆ. ಈ ಬ್ಯಾಟರಿ ನಮ್ಮ ಹೋಟೆಲಿರುವ ಭಾಂಡೂಪಿನ ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ.

ಮೂರು ತಿಂಗಳು ಬಳಸಿದ್ದೇನೆ. ಹೋಟೆಲಿನ ಅಡುಗೆಮನೆಯಲ್ಲಿ ಮೂರು ತಿಂಗಳೆಂದರೆ ಮನೆಯ ಮೂರು ವರ್ಷ. ಒಂದು ಪಕ್ಕದಲ್ಲಿ ರುಬ್ಬುವ ಯಂತ್ರ, ಇನ್ನೊಂದು ಪಕ್ಕದಲ್ಲಿ ಹೊಗೆ ಎಳೆಯುವ ಫ್ಯಾನು, ನಡುವೆ ತಟ್ಟೆಗಳ ಸದ್ದು. ಅಲ್ಲಿ ರೇಡಿಯೊಕ್ಕೆ ಬೇಕಾದದ್ದು ಗುಡುಗಲ್ಲ, ಮಾತು ಸ್ಪಷ್ಟವಾಗಿ ಕೇಳಬೇಕು, ಅಷ್ಟೆ. ಆ ಮಟ್ಟಿಗೆ ಇದು ಪಾಸಾಗಿದೆ. ತಬಲದ ಎಡಗೈ ಇದರಲ್ಲಿ ಕೇಳಿಸುವುದೇ ಇಲ್ಲ. ಹಾಡುಗಾರನ ಗಂಟಲು ಮಾತ್ರ ಚೆನ್ನಾಗಿ ಕೇಳಿಸುತ್ತದೆ. ದನಿ ಪೂರಾ ಏರಿಸಿದರೆ ಹಿಂದಿನ ಮುಚ್ಚಳ ಗಡಗಡ ಎನ್ನುತ್ತಿತ್ತು. ಭಟ್ಟರು ಕರಿಬೇವಿನ ಕಟ್ಟಿನಿಂದ ಬಿಚ್ಚಿದ ಎರಡು ರಬ್ಬರ್ ಬ್ಯಾಂಡ್ ಸುತ್ತಿದ ಮೇಲೆ ಸರಿಹೋಯಿತು. ಮೆಮೊರಿ ಕಾರ್ಡ್ ಹಾಕುವ ತೂತೂ ಇದೆ. ಅದರಲ್ಲಿ ಈಗ ಹಿಟ್ಟು ತುಂಬಿದೆ.

ತೊಂದರೆ ಆಂಟೆನಾದ್ದು. ಒಲೆಯ ಮೇಲೆ ಸ್ಟೀಲಿನ ಹೊಗೆಗೂಡು, ಎದುರಿಗೆ ಕಬ್ಬಿಣದ ಶಟರು. ಎಫ್‌ಎಂ ಅಲೆ ನೆಟ್ಟಗೆ ಬರುವ ಜಾತಿಯದು. ಲೋಹ ಕಂಡರೆ ನಿಲ್ಲುತ್ತದೆ ಅಥವಾ ಬಡಿದು ಬೇರೆ ಕಡೆಯಿಂದ ಬರುತ್ತದೆ. ಸಾಂಬಾರಿನ ಮೂಲೆಯಲ್ಲಿ ಕೊರಕೊರ ಎನ್ನುವುದು ಎರಡು ಹೆಜ್ಜೆ ಆಚೆ ಇಡ್ಲಿ ಪೆಟ್ಟಿಗೆಯ ಪಕ್ಕದಲ್ಲಿ ತಿಳಿಯಾಗುತ್ತದೆ. ಕೊನೆಗೆ ಕಿಟಕಿಯ ಹೊರಗೆ ಒಂದು ತಾಮ್ರದ ತಂತಿ ಇಳಿಬಿಟ್ಟು ಅದರ ತುದಿಯನ್ನು ಆಂಟೆನಾಕ್ಕೆ ಸುತ್ತಿದೆವು. ತಂತಿಯ ಉದ್ದ 75 ಸೆಂಟಿಮೀಟರ್ ಇರಲಿ. 98 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು ಮೂರು ಮೀಟರ್, ಅದರ ಕಾಲುಭಾಗ ಅದು. ಭಟ್ಟರಿಗೆ ಈ ಲೆಕ್ಕ ಹೇಳಿದೆ. "ಅಂದರೆ ಜನಿವಾರ ಬಿಚ್ಚಿದರೆ ಎಷ್ಟೋ ಅಷ್ಟು" ಎಂದರು. ಸರಿಯೋ ತಪ್ಪೋ, ಅಳೆದು ನೋಡಲು ನನಗೆ ಧೈರ್ಯವಾಗಲಿಲ್ಲ.

ಇನ್ನು ಸೂಜಿಯ ವಿಷಯ. ಪಟ್ಟಿಯ ಮೇಲೆ 88ರಿಂದ 108ರವರೆಗೆ ಅಂಕಿಗಳಿವೆ, ಒಟ್ಟು ಉದ್ದ ಐದು ಸೆಂಟಿಮೀಟರ್ ಇರಬಹುದು. ಮುಂಬಯಿಯ ಅರ್ಧ ಗಲಾಟೆ ಅದರಲ್ಲಿ ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ ಕೂತಿದೆ: 91.1, 91.9, 92.7, 93.5, 94.3. ಗಮನಿಸಿ, ಒಂದೊಂದಕ್ಕೂ ನಡುವೆ ಸರಿಯಾಗಿ 0.8. ಸರಕಾರ ಎರಡು ಖಾಸಗಿ ನಿಲಯಗಳ ನಡುವೆ ಇಷ್ಟು ಅಂತರ ಇರಬೇಕೆಂದು ಕಟ್ಟಿಕೊಟ್ಟ ಏಣಿ ಅದು. ಹೆಬ್ಬೆರಳು ಕೂದಲೆಳೆಯಷ್ಟು ಜಾರಿದರೂ ಪಕ್ಕದ ಮೆಟ್ಟಿಲಿಗೆ ಹೋಗುತ್ತೀರಿ. ಒಳ್ಳೆಯ ಯಂತ್ರದಲ್ಲಿ ಪಕ್ಕದವನ ದನಿ ಸೋರಬಾರದು; ಇದರಲ್ಲಿ 92.7 ಮತ್ತು 93.5ರ ನಡುವೆ ತುಸು ಸೋರುತ್ತದೆ. ಅಲ್ಲಿಂದ ಮುಂದೆ ಖಾಲಿ ಬಯಲು, 98.3ರಲ್ಲಿ ಮಿರ್ಚಿ, 100.7ರಲ್ಲಿ ಆಕಾಶವಾಣಿಯ ಗೋಲ್ಡ್, ಕೊನೆಯಲ್ಲಿ 107.1ರ ರೇನ್‌ಬೋ.

ನಾನು 1984ರಲ್ಲಿ ಕಾರ್ಕಳದ ಕಡೆಯಿಂದ ಕುರ್ಲಾದ ಹೋಟೆಲಿಗೆ ಕಪ್ಪು ತೊಳೆಯಲು ಬಂದಾಗ ಈ ಪಟ್ಟಿಯೇ ರೇಡಿಯೊದಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ ವಿವಿಧ ಭಾರತಿ. ಅದು 1957ರ ಅಕ್ಟೋಬರ್ 3ರಂದು ಹುಟ್ಟಿದ್ದೇ ಜನರೆಲ್ಲ ಹಾಡಿಗಾಗಿ ಕೊಲಂಬೊದ ರೇಡಿಯೊ ಸಿಲೋನಿಗೆ ಓಡಿಹೋಗಿದ್ದಾರೆ ಎಂದು. ಚಿತ್ರಗೀತೆ ಕೇಳಿದರೆ ದೇಶ ಕೆಡುತ್ತದೆ ಎಂದು ನಂಬಿದ್ದ ಪ್ರಸಾರ ಮಂತ್ರಿ ಕೇಸ್ಕರರ ಕಾಲ ಅದು. ಸಿಲೋನಿನ ನಿರೂಪಕ ಅಮೀನ್ ಸಯಾನಿಯವರ ದನಿ ಕೊಲಂಬೊ ದಾಟಿ ಇಲ್ಲಿಯ ಇರಾನಿ ಹೋಟೆಲುಗಳಿಗೆ ಬರುತ್ತಿತ್ತು. ಮುಂದೆ 1967ರ ನವೆಂಬರಿನಲ್ಲಿ ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾದದ್ದು ಮುಂಬಯಿ, ಪುಣೆ, ನಾಗಪುರಗಳಿಂದ. ಹಾಗಾಗಿ ಗಾಳಿಯನ್ನು ತೂಕ ಹಾಕಿ ಮಾರುವ ವಿದ್ಯೆ ಈ ಊರಿಗೆ ಹೊಸತಲ್ಲ. ಆದರೆ ಕೊಳ್ಳುವವರು ಬೇರೆಯಾದರೂ ಅಂಗಡಿ ಮಾತ್ರ ಸರಕಾರದ್ದೇ ಆಗಿತ್ತು. 1993ರಲ್ಲಿ ಆಕಾಶವಾಣಿ ತನ್ನ ಎಫ್‌ಎಂನಲ್ಲಿ ಗಂಟೆಗಳನ್ನು ಖಾಸಗಿಯವರಿಗೆ ಕೊಟ್ಟಿತು. ಟೈಮ್ಸ್, ಮಿಡ್‌ಡೇ ಪತ್ರಿಕೆಗಳವರು ಬಂದರು. ನಿರೂಪಕರು ಬರೆದದ್ದನ್ನು ಓದದೆ ನಮ್ಮೊಡನೆ ಹರಟುತ್ತಿರುವಂತೆ ಮಾತಾಡುವುದನ್ನು ನಾನು ಮೊದಲು ಕೇಳಿದ್ದು ಆಗ. 1998ರಲ್ಲಿ ಅದೂ ನಿಂತಿತು. ನಡುವೆ, 1995ರಲ್ಲಿ, ಗಾಳಿಯಲ್ಲಿನ ಅಲೆಗಳು ಸಾರ್ವಜನಿಕರ ಸ್ವತ್ತು, ಸರಕಾರದ ಏಕಸ್ವಾಮ್ಯವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಸ್ವತ್ತು ನಮ್ಮದಾದ ಮೇಲೆ ಅದನ್ನು ಹರಾಜು ಹಾಕಿದರು.

ಮೊದಲ ಖಾಸಗಿ ನಿಲಯ ಎಲ್ಲಿ ಬಂತು? ಬೆಂಗಳೂರಿನಲ್ಲಿ. 2001ರ ಜುಲೈ 3, ರೇಡಿಯೊ ಸಿಟಿ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಎಸ್‌ಟಿಡಿ ಮಾಡಿ ರಿಸೀವರನ್ನು ರೇಡಿಯೊದ ಮುಂದೆ ಹಿಡಿದ. "ಅಣ್ಣ, ನಿಮ್ಮ ಬೊಂಬಾಯಿಯಲ್ಲಿ ಇದೆಯಾ?" ಎಂದ. ಇರಲಿಲ್ಲ. ಹತ್ತು ತಿಂಗಳು ಆ ಮಾತನ್ನು ನುಂಗಿಕೊಂಡಿದ್ದೆ. ಆಕಾಶವಾಣಿ ಎಂಬ ಹೆಸರು ಬಂದದ್ದೇ 1935ರಲ್ಲಿ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಶುರುಮಾಡಿದ ನಿಲಯದಿಂದ ಎಂಬುದು ನೆನಪಾಗಿ, ಇದೂ ನಮ್ಮದೇ ಗೆಲುವು ಎಂದು ಸಮಾಧಾನ ಮಾಡಿಕೊಂಡೆ.

2002ರ ಬೇಸಗೆಯಲ್ಲಿ ಮುಂಬಯಿಗೆ ಒಟ್ಟಿಗೇ ಐದು ಬಂದವು: ಮಿರ್ಚಿ, ರೇಡಿಯೊ ಸಿಟಿ, ರೆಡ್ ಎಫ್‌ಎಂ, ಗೋ 92.5, ವಿನ್ 94.6. ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಬಾಚಣಿಗೆ ಮಾರುವವನು ಕಿವಿಗೆ ಸಿಕ್ಕಿಸುವ ರೇಡಿಯೊ ಮಾರಲು ಶುರುಮಾಡಿದ. ಲೋಕಲಿನಲ್ಲಿ ಎಲ್ಲರ ಕಿವಿಯಿಂದಲೂ ಕಪ್ಪು ತಂತಿ. ಆ ತಂತಿಯೇ ಆಂಟೆನಾ. ಇಯರ್‌ಫೋನ್ ಕಿತ್ತರೆ ಹಾಡೂ ನಿಲ್ಲುತ್ತಿತ್ತು. ಥಾಣೆ ದಾಟಿ ಫಾಸ್ಟ್ ಗಾಡಿ ಪಾರಸಿಕ್ ಸುರಂಗ ಹೊಕ್ಕ ಕೂಡಲೇ ಡಬ್ಬಿಯಲ್ಲಿದ್ದ ಅಷ್ಟೂ ಜನ ಒಟ್ಟಿಗೇ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಗೋ 92.5 ಹೆಚ್ಚಾಗಿ ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಗಿರಾಕಿ ಇರಲಿಲ್ಲ. ಅದೇ ಮುಂದೆ ರೇಡಿಯೊ ಒನ್ ಆಗಿ, ಏಣಿಯ ಮೆಟ್ಟಿಲಿಗೆ ಸರಿಹೊಂದುವಂತೆ 94.3ಕ್ಕೆ ಸರಿದುಕೊಂಡಿತು. ವಿನ್ ಬಹಳ ದಿನ ಬಾಳಲಿಲ್ಲ.

ಯಾಕೆ ಬಾಳಲಿಲ್ಲ ಎಂಬುದನ್ನು ಹೋಟೆಲಿನವರಿಗೆ ವಿವರಿಸುವುದು ಸುಲಭ. ಇಲ್ಲಿ ಒಬ್ಬ ಧಣಿ ತನ್ನ ಹೋಟೆಲನ್ನು ನಡೆಸಲು ಇನ್ನೊಬ್ಬನಿಗೆ ಕೊಟ್ಟರೆ ಅದಕ್ಕೆ ಕಂಡಕ್ಟಿಂಗ್ ಎನ್ನುತ್ತೇವೆ. ನನ್ನ ಈಗಿನ ಹೋಟೆಲೂ ಹಾಗೆಯೇ. ಅದರಲ್ಲಿ ಎರಡು ಬಗೆ. ಗಿರಾಕಿ ಬರಲಿ ಬಿಡಲಿ ತಿಂಗಳಿಗೆ ಇಷ್ಟು ಎಂದು ಎಣಿಸಿಕೊಡುವುದು ಒಂದು. ಗಲ್ಲಾಕ್ಕೆ ಬಿದ್ದದ್ದರಲ್ಲಿ ಪಾಲು ಕೊಡುವುದು ಇನ್ನೊಂದು. ಸರಕಾರ ಮೊದಲ ಹಂತದಲ್ಲಿ ಎಫ್‌ಎಂನವರಿಗೆ ಹಾಕಿದ್ದು ಮೊದಲನೆಯ ಬಗೆಯ ಕರಾರು. ಹರಾಜಿನಲ್ಲಿ ಕೂಗಿದ ಮೊತ್ತವೇ ವರ್ಷದ ಶುಲ್ಕ, ಅದರ ಮೇಲೆ ಪ್ರತಿ ವರ್ಷ ಶೇ 15 ಏರಿಕೆ, ಹತ್ತು ವರ್ಷದ ಪರವಾನಗಿ. ನಾನು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ್ದೇನೆ: ಹತ್ತನೆಯ ವರ್ಷಕ್ಕೆ ಮೂರೂವರೆ ಪಟ್ಟು. ಇಡ್ಲಿಯ ಬೆಲೆಯನ್ನು ಹಾಗೆ ಏರಿಸಿದ ಹೋಟೆಲು ಇದ್ದರೆ ಹೇಳಿ. 2005ರಲ್ಲಿ ಎರಡನೆಯ ಹಂತ ಬಂದಾಗ ಕರಾರು ಬದಲಾಯಿತು: ಪ್ರವೇಶಕ್ಕೆ ಒಂದು ಸಲದ ಹಣ, ಆಮೇಲೆ ವರ್ಷದ ಆದಾಯದಲ್ಲಿ ಶೇ 4. ಪಾಲಿನ ಕಂಡಕ್ಟಿಂಗ್. 91 ಊರುಗಳಲ್ಲಿ 338 ಅಲೆಗಳನ್ನು ಹರಾಜಿಗಿಟ್ಟರು. ಅನಿಲ್ ಅಂಬಾನಿಯವರ ಬಿಗ್ 92.7 ಬಂದದ್ದು, 104ರಲ್ಲಿ ಫೀವರ್ ಬಂದದ್ದು ಅದರ ನಂತರ. ಹಾಡಿನ ಲೆಕ್ಕವೂ ಹೀಗೆಯೇ ಬದಲಾಯಿತು. ಮೊದಲು ಸಂಗೀತ ಕಂಪೆನಿಗಳಿಗೆ ಸೂಜಿಗಂಟೆಯ ಲೆಕ್ಕದಲ್ಲಿ, ಅಂದರೆ ತಟ್ಟೆಯ ಮೇಲೆ ಸೂಜಿ ಓಡಿದ ಹೊತ್ತಿಗೆ ಇಷ್ಟು ಎಂದು ಕೊಡಬೇಕಿತ್ತು. ತಟ್ಟೆ ಸತ್ತು ಎಷ್ಟೋ ಕಾಲವಾಗಿದ್ದರೂ ಸೂಜಿ ಬಿಲ್ಲಿನಲ್ಲಿ ಬದುಕಿತ್ತು. 2010ರ ಆಗಸ್ಟಿನಲ್ಲಿ ಕಾಪಿರೈಟ್ ಬೋರ್ಡು ಅದನ್ನು ಜಾಹೀರಾತಿನ ನಿವ್ವಳ ಆದಾಯದ ಶೇ 2 ಎಂದು ನಿಗದಿ ಮಾಡಿತು.

ಲೆಕ್ಕ ಬಿಡಿ. ಆ ಮೊದಲ ಮೂರು ನಾಲ್ಕು ವರ್ಷಗಳಲ್ಲಿ ನಿಲಯಗಳು ನಷ್ಟದಲ್ಲಿದ್ದವೋ ಏನೋ, ನಮಗಂತೂ ಭರ್ಜರಿ ಲಾಭ. ಸಯಾನ್ ಸರ್ಕಲಿನಲ್ಲಿ ಟ್ಯಾಂಕರ್ ಕೆಟ್ಟು ನಿಂತದ್ದು ರೇಡಿಯೊದಲ್ಲಿ ಹೇಳಿದ ಹತ್ತು ನಿಮಿಷಕ್ಕೆ ನಮ್ಮ ಹಾಲಿನವನು ಫೋನು ಮಾಡಿ ತಡವಾಗುತ್ತದೆ ಎನ್ನುತ್ತಿದ್ದ. ನಾನು ಆಗಲೇ ಪುಡಿ ಹಾಲು ಕಲಸಿಯಾಗಿರುತ್ತಿತ್ತು.

ಒಂದು ಸಂಗತಿ ಹೇಳಬೇಕು. 2004 ಇರಬೇಕು, ಟೇಬಲ್ ಒರೆಸುತ್ತಿದ್ದ ಕುಂದಾಪುರದ ಹುಡುಗನೊಬ್ಬ ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲ ಬಳಿಯ ಒಂದು ರೂಪಾಯಿಯ ಫೋನಿನಿಂದ ನಿಲಯಕ್ಕೆ ಹಚ್ಚುತ್ತಿದ್ದ. ಒಂದು ದಿನ ಸಿಕ್ಕಿಯೇಬಿಟ್ಟಿತು. ಹಾಡಿನ ತುಣುಕು ಕೇಳಿಸಿ ಚಿತ್ರ ಯಾವುದು ಎಂದರು; ಹೇಳಿದ. ಒಳಗೆ ರೇಡಿಯೊದಲ್ಲಿ ಅವನದೇ ದನಿ, ಹೊರಗೆ ಅವನು, ನಡುವೆ ಎಲ್ಲರೂ ಸ್ತಬ್ಧ. ತವೆಯ ಮೇಲಿನ ದೋಸೆ ಕರಿಯಾಗುತ್ತಿದ್ದರೂ ಭಟ್ಟರ ಕೈ ಏಳಲಿಲ್ಲ. "ಎಲ್ಲಿಂದ ಮಾತಾಡುತ್ತಿದ್ದೀರಿ?" ಎಂದು ನಿರೂಪಕಿ ಕೇಳಿದಳು. ಹುಡುಗ ಹೋಟೆಲಿನ ಹೆಸರು ಹೇಳಬಹುದಿತ್ತು. ಇಡೀ ಮುಂಬಯಿ ಕೇಳುತ್ತಿತ್ತು, ಪುಕ್ಕಟೆ. ಅವನು "ಕುರ್ಲಾ" ಎಂದ. ನಾನು ಹಣೆ ಚಚ್ಚಿಕೊಂಡೆ. "ಹೋಟೆಲಿನಲ್ಲಿ ಟೇಬಲ್ ಒರೆಸುತ್ತೇನೆ ಎಂದು ಹೇಗೆ ಹೇಳಲಿ, ಅಣ್ಣ?" ಎಂದು ಆಮೇಲೆ ಕೇಳಿದ. ಬೈಯಲು ಬಾಯಿ ಬರಲಿಲ್ಲ. ಬಹುಮಾನ ಎರಡು ಸಿನೆಮಾ ಟಿಕೆಟ್. ಕಚೇರಿ ಹೊತ್ತಿನಲ್ಲಿ ಬಂದು ಒಯ್ಯಬೇಕು. ಎರಡು ಸಲ ಹೋದ, ಎರಡು ಸಲವೂ ನಾಳೆ ಬಾ ಎಂದರು. ಮೂರನೆಯ ಸಲಕ್ಕೆ ನಾನೇ ರಜೆ ಕೊಡಲಿಲ್ಲ. ಆ ಪಾಪ ಅರ್ಧ ನನ್ನದು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾಯಿತು. ಕುರ್ಲಾ ಎಂದರೆ ಮಿಠಿ ನದಿಯ ದಂಡೆಗೆ ಕೂತ ಊರು. ಸಂಜೆಯ ಹೊತ್ತಿಗೆ ನೀರು ಗಲ್ಲಾದ ಮೂರನೆಯ ಖಾನೆಗೆ ಬಂದಿತ್ತು. ಕರೆಂಟು ಇಲ್ಲ, ಮೊಬೈಲ್ ಹತ್ತುವುದಿಲ್ಲ. ಹುಡುಗರು ಮಲಗುವ ಅಟ್ಟದ ಮೇಲೆ ನಾವು ಹನ್ನೆರಡು ಜನ, ರಸ್ತೆಯಿಂದ ಹತ್ತಿಸಿಕೊಂಡವರು ಮೂವತ್ತಕ್ಕೆ ಕಡಿಮೆಯಿಲ್ಲ. ನಾಲ್ಕು ಸೆಲ್ಲಿನ ರೇಡಿಯೊ ಒಂದು. ಸಿಕ್ಕ ನಿಲಯದಲ್ಲಿ ಸೂಜಿ ನಿಲ್ಲಿಸಿ, ಯಾರೂ ಮುಟ್ಟಬಾರದು ಎಂದೆ. ಹಾಡು ನಿಲ್ಲಿಸಿದ್ದರು. ಫೋನು ಹತ್ತಿದ ಯಾರೋ ಹೇಳಿದ್ದನ್ನು ನಿರೂಪಕ ಓದುತ್ತಲೇ ಇದ್ದ: ಇಂಥ ಕಚೇರಿಯವರು ಕಚೇರಿಯಲ್ಲೇ ಇದ್ದಾರೆ, ಇಂಥ ಬಸ್ಸು ಕಲೀನಾದಲ್ಲಿ ನಿಂತಿದೆ, ಒಳಗಿನವರು ಕ್ಷೇಮ. ಮೂಲೆಯಲ್ಲಿ ಒಬ್ಬ ಹೆಂಗಸು ಚಹದ ಲೋಟ ಹಿಡಿದು ಕುಡಿಯದೆ ಕೂತಿದ್ದಳು. ರಾತ್ರಿ ಒಂಬತ್ತರ ಮೇಲೆ ಒಂದು ಶಾಲೆಯ ಹೆಸರು ಓದಿದರು: ಮಕ್ಕಳು ಎರಡನೆಯ ಮಹಡಿಯಲ್ಲಿದ್ದಾರೆ, ಬಿಸ್ಕತ್ತು ಕೊಟ್ಟಿದ್ದೇವೆ, ತಂದೆತಾಯಿ ನೀರಿನಲ್ಲಿ ಹೊರಡಬೇಡಿ. ಆಕೆ ಆರಿದ ಚಹವನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಸೂರಿನಿಂದ ಸುರಿಯುತ್ತಿದ್ದ ನೀರಿಗೆ ಹಿಡಿದು ತೊಳೆದು, ನನ್ನ ಕೈಗೆ ಕೊಟ್ಟಳು.

ಖಾಸಗಿ ಎಫ್‌ಎಂನವರು ಸುದ್ದಿ ಹೇಳುವಂತಿಲ್ಲ ಎಂಬುದು ಮೊದಲಿನಿಂದಲೂ ಕಾನೂನು. ಆ ರಾತ್ರಿ ಓದಿದ್ದು ಸುದ್ದಿಯೋ ಅಲ್ಲವೋ ಎಂದು ಅಟ್ಟದ ಮೇಲೆ ಯಾರೂ ಕೇಳಲಿಲ್ಲ. 2011ರ ಮೂರನೆಯ ಹಂತದ ನೀತಿಯಲ್ಲಿ ಟ್ರಾಫಿಕ್, ಹವಾಮಾನ, ಪರೀಕ್ಷೆಯ ಫಲಿತಾಂಶ, ಸ್ಥಳೀಯ ಆಡಳಿತ ಕೊಡುವ ನೀರು, ವಿದ್ಯುತ್ತು, ಪ್ರಕೃತಿ ವಿಕೋಪದ ಪ್ರಕಟಣೆ ಇವೆಲ್ಲ ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಬರೆದರು. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಹಾಕಬಹುದು ಎಂದೂ ಹೇಳಿದರು. ಅದೇ ನೀತಿ ಇನ್ನೊಂದು ಬಾಗಿಲನ್ನೂ ತೆರೆಯಿತು. ಒಬ್ಬ ಮಾಲೀಕನ ನಿಲಯಗಳು ಎಲ್ಲೆಲ್ಲಿದ್ದರೂ ಒಂದೇ ಕಾರ್ಯಕ್ರಮವನ್ನು ಹಂಚಿಕೊಳ್ಳಬಹುದು. ಒಂದೇ ಕಡೆ ಚಟ್ನಿ ರುಬ್ಬಿ ಹತ್ತು ಶಾಖೆಗೆ ಕಳಿಸಿದ ಹಾಗೆ. ಉಳಿತಾಯ ಆಗುತ್ತದೆ, ಸುಳ್ಳಲ್ಲ. ಆದರೆ ಮಧ್ಯಾಹ್ನ ಮೂರಕ್ಕೆ ಹುಳಿ ಬರುತ್ತದೆ.

ಈ ಹುಳಿ ನನ್ನ ನಾಲಿಗೆಗೆ ತಾಗಿದ್ದು ನಾನು ಭಾಂಡೂಪಿನಲ್ಲಿ ಹೋಟೆಲು ವಹಿಸಿಕೊಂಡಾಗ. ಸ್ಥಳೀಯ ರೇಡಿಯೊ ಇರುವುದೇ ನಮ್ಮಂಥ ಸ್ಥಳೀಯ ಅಂಗಡಿಗಾಗಿ ಎಂದುಕೊಂಡು ಒಂದು ನಿಲಯಕ್ಕೆ ಫೋನು ಮಾಡಿದೆ. ಇಸ್ತ್ರಿ ಹಾಕಿದ ಶರ್ಟಿನ ಹುಡುಗನೊಬ್ಬ ಬಂದ. ಎರಡು ಮಸಾಲೆ ದೋಸೆ, ಒಂದು ಫಿಲ್ಟರ್ ಕಾಫಿ ಆದ ಮೇಲೆ ದರಪಟ್ಟಿ ತೆಗೆದ. ಹತ್ತು ಸೆಕೆಂಡಿಗೆ ಇಷ್ಟು. ದಿನಕ್ಕೆ ಇಷ್ಟು ಸಲವಾದರೂ ಬರಬೇಕು. ಹದಿನೈದು ದಿನಕ್ಕೆ ಕಡಿಮೆ ತೆಗೆದುಕೊಳ್ಳುವುದಿಲ್ಲ. ಗುಣಿಸಿದೆ. ನನ್ನ ನಾಲ್ಕು ತಿಂಗಳ ಅಕ್ಕಿ ಉದ್ದಿನ ಬಿಲ್ಲು. "ನನ್ನ ಗಿರಾಕಿ ಸ್ಟೇಷನ್ನಿನಿಂದ ಇಲ್ಲಿಗೆ ನಡೆದು ಬರುವವರು, ವಿರಾರಿನವರೆಗೆ ಕೂಗಿ ಏನು ಮಾಡಲಿ?" ಎಂದೆ. ಭಾಂಡೂಪಿಗೆ ಮಾತ್ರ ಕೇಳಿಸುವ ಹಾಗೆ ಕೊಡಲಾಗುವುದಿಲ್ಲ ಎಂದು ಅವನು ನಕ್ಕ. ಅವನ ತಪ್ಪಲ್ಲ, ಅಲೆ ಹಾಗಿದೆ. ದೋಸೆಯ ಹಣ ಕೊಡಲು ಬಂದ, ತೆಗೆದುಕೊಳ್ಳಲಿಲ್ಲ. ಈಗ ತೆಗೆದುಕೊಳ್ಳಬೇಕಿತ್ತು ಎನಿಸುತ್ತದೆ. ಆ ದರ ಕಟ್ಟಬಲ್ಲವರು ಮೊಬೈಲಿನವರು, ಫ್ಲ್ಯಾಟು ಕಟ್ಟುವವರು, ವಿಮೆಯವರು. ನಿಲಯ ದಿನವಿಡೀ ಮುಂಬಯಿ ಮುಂಬಯಿ ಎಂದು ಜಪಿಸುತ್ತದೆ. ನಡುವೆ ಮಾರುವ ಸರಕು ಮಾತ್ರ ಎಲ್ಲಿಯದೂ ಅಲ್ಲ.

ಹಾಗೆಂದು ಪೂರ್ತಿ ಸತ್ತಿದೆ ಎನ್ನುವುದಿಲ್ಲ. 2017ರಲ್ಲಿ ರೆಡ್ ಎಫ್‌ಎಂನ ನಿರೂಪಕಿ ಮಲಿಷ್ಕಾ ರಸ್ತೆಗುಂಡಿಗಳ ಮೇಲೆ ಮರಾಠಿಯಲ್ಲಿ ಒಂದು ಅಣಕು ಹಾಡು ಹಾಡಿದಾಗ ಮಹಾನಗರ ಪಾಲಿಕೆಗೆ ಮೆಣಸಿನಕಾಯಿ ಕಡಿದ ಹಾಗಾಯಿತು. ಗುಂಡಿ ಮುಚ್ಚಿತೋ ಇಲ್ಲವೋ, ನಮ್ಮ ಹುಡುಗರು ಆ ವರ್ಷ ಪೂರ್ತಿ ಅದನ್ನೇ ಗುನುಗುತ್ತ ತಟ್ಟೆ ತೊಳೆದರು. ಒಂದು ಊರಿನ ನಿಲಯ ಮಾಡಬೇಕಾದ ಕೆಲಸ ಅದು.

ಕನ್ನಡದ ಮಾತು ಬರಲೇಬೇಕು. ಈ ಊರಿನಲ್ಲಿ ಕನ್ನಡಕ್ಕೆ ರಾತ್ರಿ ಶಾಲೆಗಳಿದ್ದವು, ನಾನೇ ಅಲ್ಲಿ ಹತ್ತನೆಯ ತರಗತಿ ಓದಿದೆ. ಮಾಹಿಮಿನಲ್ಲಿ ಕರ್ನಾಟಕ ಸಂಘವಿದೆ, ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ದಿನಪತ್ರಿಕೆ ಇದೆ, ಯಕ್ಷಗಾನ ಇದೆ. ಆದರೆ ಸೂಜಿಯನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದರೂ ಖಾಸಗಿ ಎಫ್‌ಎಂನಲ್ಲಿ ಕನ್ನಡದ ನಿಲಯ ಒಂದೂ ಇಲ್ಲ. ನಡುವೆ ಒಂದು ಕಾಲದಲ್ಲಿ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊ ಇತ್ತು. ಅದರಲ್ಲಿ 'ಸ್ಪರ್ಶ' ಎಂಬ ಕನ್ನಡ ವಾಹಿನಿ. ಮೀರಾ ರೋಡಿನ ನಮ್ಮ ಭಾವ ಚಂದಾ ಕಟ್ಟಿ ತರಿಸಿದ್ದರು. ಆಂಟೆನಾವನ್ನು ಪೂರ್ವಕ್ಕೆ ತುಸು ದಕ್ಷಿಣವಾಗಿ ಆಕಾಶ ಕಾಣುವಂತೆ ಇಡಬೇಕು. ಭಾವನ ಮನೆಯಲ್ಲಿ ಆ ದಿಕ್ಕಿಗೆ ಇದ್ದದ್ದು ಬಚ್ಚಲಿನ ಕಿಟಕಿ. ಯಾರಾದರೂ ಸ್ನಾನಕ್ಕೆ ಹೋದರೆ ಕನ್ನಡ ನಿಲ್ಲುತ್ತಿತ್ತು. 2009ರ ಕೊನೆಗೆ ಕಂಪೆನಿಯೇ ಮುಳುಗಿತು. ಭಾವ ಆ ಪೆಟ್ಟಿಗೆಯನ್ನು ಇನ್ನೂ ಎಸೆದಿಲ್ಲ.

ಈ ಹೊಸ ಯಂತ್ರದ ದೊಡ್ಡ ಕೊರತೆಯೂ ಇಲ್ಲಿಯೇ ಇದೆ: ಇದರಲ್ಲಿ ಮೀಡಿಯಂ ವೇವ್ ಇಲ್ಲ. ಎಫ್‌ಎಂ ಅಲೆ ಕಣ್ಣಿಗೆ ಕಾಣುವ ದಿಗಂತದ ಆಚೆಗೆ ಹೆಚ್ಚು ಹೋಗುವುದಿಲ್ಲ. ಮೀಡಿಯಂ ವೇವ್ ರಾತ್ರಿಯ ಹೊತ್ತು ವಾತಾವರಣದ ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ದಾಟಿ ಇಳಿಯುತ್ತದೆ. ಕುರ್ಲಾದ ಅಟ್ಟದ ಮೇಲೆ ಹಳೆಯ ಸೆಟ್ಟಿನಲ್ಲಿ ಧಾರವಾಡವನ್ನು ನಾವು ಹಾಗೆ ಹಿಡಿಯುತ್ತಿದ್ದೆವು. ದನಿ ಸಮುದ್ರದ ತೆರೆಯಂತೆ ಏರಿ ಇಳಿಯುತ್ತಿತ್ತು, ಇಳಿದಾಗ ಒಬ್ಬ ಎದ್ದು ಪೆಟ್ಟಿಗೆಯನ್ನು ತಿರುಗಿಸಬೇಕು. ಮೊಬೈಲಿನಲ್ಲಿ ಪ್ರಸಾರ ಭಾರತಿಯ ಆ್ಯಪ್ ಹಾಕಿಕೊಂಡರೆ ಮಂಗಳೂರು, ಧಾರವಾಡ ಎರಡೂ ಸ್ಫಟಿಕದಂತೆ ಬರುತ್ತವೆ, ಗೊತ್ತು. ಆದರೆ ಹಿಟ್ಟಿನ ಕೈಯಲ್ಲಿ ಮೊಬೈಲ್ ಮುಟ್ಟಲಾಗುವುದಿಲ್ಲ, ಹಾಡಿನ ನಡುವೆ ಸಾಲದ ಕಂಪೆನಿಯವನು ಫೋನು ಮಾಡುತ್ತಾನೆ, ಮತ್ತು ಹದಿನೈದು ಸಾವಿರದ ಯಂತ್ರವನ್ನು ಸಾಂಬಾರಿನ ಮೇಲೆ ಯಾರೂ ಇಡುವುದಿಲ್ಲ.

ಈಗ ನಮ್ಮಲ್ಲಿ ದಿನ ನಡೆಯುವುದು ಹೀಗೆ. ಬೆಳಗ್ಗೆ ಆರರಿಂದ ಹತ್ತು ಹುಡುಗರದ್ದು: ಸೂಜಿ ಆ ಕಿರುಬೆರಳ ಉಗುರಿನಲ್ಲಿ ಅತ್ತಿತ್ತ ಓಡಾಡುತ್ತದೆ, ಜಾಹೀರಾತು ಬಂದಾಗಲೆಲ್ಲ ಒಬ್ಬನ ಹೆಬ್ಬೆರಳು ಚಕ್ರಕ್ಕೆ ಹೋಗುತ್ತದೆ. ಒಂದರಲ್ಲಿ ಬಿಟ್ಟ ಹಾಡು ಎರಡು ಮೆಟ್ಟಿಲು ಆಚೆ ಸಿಗುತ್ತದೆ, ಹಾಗಾಗಿ ಯಾರಿಗೂ ನಷ್ಟವಿಲ್ಲ. ನನಗೆ ಬೇಕಾದದ್ದು ಎಂಟು ಗಂಟೆಯ ಟ್ರಾಫಿಕ್ ಒಂದೇ. ಮಧ್ಯಾಹ್ನ ಎರಡರ ಮೇಲೆ ಭಟ್ಟರ ಆಳ್ವಿಕೆ, ಸೂಜಿ 100.7. ರಾತ್ರಿ ಹತ್ತೂಮುಕ್ಕಾಲಿಗೆ ಶಟರು ಅರ್ಧ ಇಳಿದರೆ ದನಿಯೂ ಅರ್ಧ ಇಳಿಯುತ್ತದೆ, ಪಾತ್ರೆ ತೊಳೆಯುವವನಿಗೆ ಗಡಿಯಾರ ನೋಡುವ ಕೆಲಸವಿಲ್ಲ. ಬ್ಯಾಟರಿ ಎರಡು ದಿನ ಬರುತ್ತದೆ. ಟಾರ್ಚು ಮೂರು ತಿಂಗಳಲ್ಲಿ ಆರು ಸಲ ಕರೆಂಟು ಹೋದಾಗ ಉಪಯೋಗಕ್ಕೆ ಬಂದಿದೆ; ಇಡೀ ಯಂತ್ರದಲ್ಲಿ ಅತ್ಯಂತ ಚೆನ್ನಾಗಿ ಮಾಡಿರುವ ಭಾಗ ಅದೇ. ಐದರಲ್ಲಿ ಪೆಟ್ಟಿಗೆಗೆ ಮೂರೂವರೆ ಅಂಕ ಕೊಡುತ್ತೇನೆ, ಮೀಡಿಯಂ ವೇವ್ ಇದ್ದಿದ್ದರೆ ನಾಲ್ಕೂವರೆ. ಒಳಗೆ ಬರುವ ನಿಲಯಗಳಿಗೆ 2005ರಲ್ಲಿ ಕೇಳಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ಎರಡೂವರೆ, ಅದರಲ್ಲೂ ಅರ್ಧ ಟ್ರಾಫಿಕ್ಕಿನದು.

ಕಳೆದ ವಾರ ಗಲ್ಲಾಕ್ಕೆಂದು ಇನ್ನೊಂದು ತರಲು ಅದೇ ಅಂಗಡಿಗೆ ಹೋದೆ. ಅವನು ಸ್ಟೂಲು ಹತ್ತಿ ಇಳಿಸಿದ ಡಬ್ಬದ ಮೇಲೆ ಬೇರೆ ಹೆಸರು, ಬೇರೆ ಬಣ್ಣ. ತೆರೆದರೆ ಅದೇ ಕಪ್ಪು ಪ್ಲಾಸ್ಟಿಕ್, ಅದೇ ಕೆಂಪು ಸೂಜಿ. "ಇದು ಹೊಸ ಮಾಡೆಲ್, ಒಂಬೈನೂರು" ಎಂದ. ಹಳೆಯದರ ಹಿಂಬದಿ ಗಡಗಡ ಎನ್ನುತ್ತಿತ್ತು ಎಂದೆ. ಅವನು ಏನೂ ಮಾತಾಡದೆ ಮೇಜಿನ ಖಾನೆಯಿಂದ ಎರಡು ರಬ್ಬರ್ ಬ್ಯಾಂಡ್ ತೆಗೆದು ಡಬ್ಬದ ಮೇಲೆ ಇಟ್ಟ. ನಾನು ಆರುನೂರು ಎಂದೆ.